ಕೊಬ್ಬರಿ ಬೆಲೆಯೂ ಊರಿನ ಬದುಕೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳ್ಳಿಗಳು ಯಾಕೆ ಸೊರಗುತ್ತಿವೆ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಕೊಬ್ಬರಿಗೆ ಬೆಲೆ ಇಲ್ಲ. ಬೆಲೆ ಸಿಕ್ಕರೆ ರೈತನ ಕೈಯಲ್ಲಿ ದುಡ್ಡಾಡುತ್ತದೆ, ದುಡ್ಡಾಡಿದರೆ ಹುಡುಗರು ಬೆಂಗಳೂರಿನ ಬಸ್ಸು ಹತ್ತುವುದಿಲ್ಲ, ಹುಡುಗರು ಉಳಿದರೆ ಶಾಲೆ, ಆಸ್ಪತ್ರೆ, ಬಸ್ಸು ತಾವಾಗಿ ಬರುತ್ತವೆ. ಪಕ್ಷ ಯಾವುದೇ ಇರಲಿ, ಚುನಾವಣಾ ಭಾಷಣದಲ್ಲಿ, ಧರಣಿಯಲ್ಲಿ, ಮಾರುಕಟ್ಟೆ ಯಾರ್ಡಿನ ಕಟ್ಟೆಯ ಮಾತಿನಲ್ಲಿ ಈ ಸರಪಳಿ ಒಂದೇ ರೀತಿ ಕೇಳಿಬರುತ್ತದೆ. ಇದನ್ನು ಬರಿಯ ಘೋಷಣೆ ಎಂದು ತಳ್ಳಿಹಾಕುವಂತಿಲ್ಲ. ಇದು ಒಂದೇ ಬೆಳೆಯನ್ನು ನಂಬಿದ ನಾಡು. ಮಗಳ ಮದುವೆ, ಸೊಸೈಟಿ ಸಾಲದ ಕಂತು, ಅಂಗಡಿಯ ಉದ್ದರಿ ಎಲ್ಲಕ್ಕೂ ಕೊನೆಗೆ ಅಟ್ಟದ ಮೇಲಿರುವ ಕಾಯಿಯೇ ಜಾಮೀನು. 2023ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ 8 ಸಾವಿರದ ಆಸುಪಾಸಿಗೆ ಕುಸಿಯಿತು. ರಾಜ್ಯ ಸರ್ಕಾರ ಮೊದಲು 1,250, ಆಮೇಲೆ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. 2024ರಲ್ಲಿ ನಾಫೆಡ್ ಖರೀದಿಗೆ ನಡೆದ ನೋಂದಣಿ ರದ್ದಾಗಿ ಜನ ಎರಡನೇ ಸಲ ಸಾಲು ನಿಲ್ಲಬೇಕಾಯಿತು. ಆ ಸಾಲಿನಲ್ಲಿ ನಿಂತವರಿಗೆ ಬೆಲೆಯೇ ಎಲ್ಲದರ ಮೂಲ ಎಂದು ಅನ್ನಿಸಿದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಆದರೆ ಈ ನಂಬಿಕೆಗೆ ಬೇಗನೇ ಒಂದು ಪರೀಕ್ಷೆ ಎದುರಾಯಿತು. 2025ರ ಹಂಗಾಮಿನ ಬೆಂಬಲ ಬೆಲೆ 12,100 ರೂಪಾಯಿ. ಆ ವರ್ಷದ ಮಧ್ಯಭಾಗಕ್ಕೆ ಮಾರುಕಟ್ಟೆ ಬೆಲೆ 25 ಸಾವಿರವನ್ನೂ ದಾಟಿತು. ಧರಣಿ ಕೂತವರೂ ಕನಸಿನಲ್ಲಿ ಕೇಳದಿದ್ದ ಬೆಲೆ ಅದು. ಹಾಗಾದರೆ ಸರಪಳಿಯ ಮುಂದಿನ ಕೊಂಡಿಗಳು ಅಲುಗಬೇಕಿತ್ತು. ಮುಚ್ಚಿದ ಶಾಲೆ ತೆರೆಯಿತೇ, ನಿಂತುಹೋದ ಬಸ್ಸು ಮತ್ತೆ ಬಂತೇ ಎಂದು ಕೇಳಿದರೆ ಯಾರೂ ಹೂಂ ಅನ್ನುವುದಿಲ್ಲ. ಒಂದೆರಡು ಹಂಗಾಮಿನಲ್ಲಿ ಊರು ಬದಲಾಗುವುದಿಲ್ಲ, ಹತ್ತು ವರ್ಷ ಇದೇ ಬೆಲೆ ನಿಲ್ಲಲಿ, ಆಗ ನೋಡಿ ಎಂಬ ಆಕ್ಷೇಪ ಬರುತ್ತದೆ, ಮತ್ತು ಅದು ನ್ಯಾಯವಾದದ್ದೇ. ಆದ್ದರಿಂದ ಫಲಿತಾಂಶಕ್ಕೆ ಕಾಯದೆ, ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಹಿಡಿದು ಎಳೆದು ನೋಡುವುದು ಮೇಲು.

ಮೊದಲ ಕೊಂಡಿ: ಬೆಲೆ ಏರಿದರೆ ರೈತನ ಆದಾಯ ಏರುತ್ತದೆ. 2025ರಲ್ಲಿ ಬೆಲೆ ಯಾಕೆ ಏರಿತು? ದೂರದ ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ಗಳಲ್ಲಿ ಇಳುವರಿ ಕುಸಿದದ್ದು ಒಂದು ಕಾರಣ. ಇಲ್ಲಿಯೇ 2023ರ ಬರ, ಮರುವರ್ಷದ ಬಿಸಿಲು, ಬಿಳಿನೊಣ, ಕಪ್ಪುತಲೆ ಹುಳು ಸೇರಿ ಗೊನೆ ಬರಿದು ಮಾಡಿದ್ದು ಇನ್ನೊಂದು. ಎಳನೀರಿಗೆ ಕೊಯ್ದ ಕಾಯಿ ಅಟ್ಟಕ್ಕೆ ಏರಲೇ ಇಲ್ಲ. ಅಂದರೆ ಕಾಯಿ ಇಲ್ಲದ್ದರಿಂದಲೇ ಬೆಲೆ ಬಂತು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ: ಕ್ವಿಂಟಲ್‌ಗೆ 12 ಸಾವಿರ ಇದ್ದಾಗ 10 ಕ್ವಿಂಟಲ್ ಮಾರಿದ ಕುಟುಂಬಕ್ಕೆ 1 ಲಕ್ಷ 20 ಸಾವಿರ ಬಂತು, 25 ಸಾವಿರ ಆದಾಗ 5 ಕ್ವಿಂಟಲ್ ಮಾತ್ರ ಸಿಕ್ಕಿದರೆ ಬಂದದ್ದು 1 ಲಕ್ಷ 25 ಸಾವಿರ. ಬೆಲೆ ದುಪ್ಪಟ್ಟು, ಆದಾಯ ಅಲ್ಲಿಗಲ್ಲಿಗೆ. ಇದರ ಮೇಲೆ ಉಂಡೆ ಕೊಬ್ಬರಿಯ ಸ್ವಭಾವವೇ ಬೇರೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಬಿಟ್ಟು, ಒಳಗಿನ ನೀರು ಆರಿ ತಿರುಳು ಚಿಪ್ಪು ಬಿಟ್ಟ ಮೇಲೆ ಸುಲಿದು ಒಡೆಯಬೇಕು. ಇಲ್ಲಿ ಕೊಬ್ಬರಿ ಮಾಡುವುದೆಂದರೆ ಕಾಯುವುದು. ಕಾಯಬಲ್ಲವನಿಗೆ ಒಳ್ಳೆ ಬೆಲೆ ಸಿಗುತ್ತದೆ. ಶಾಲೆಯ ಫೀಸಿಗೋ ಆಸ್ಪತ್ರೆಯ ಬಿಲ್ಲಿಗೋ ಹಸಿ ಕಾಯಿಯನ್ನೇ ಲಾರಿಗೆ ತುಂಬಿದವನಿಗೆ, ಮರದಲ್ಲಿರುವಾಗಲೇ ಎಳನೀರಿಗೆ ಕೊಟ್ಟವನಿಗೆ ತಿಪಟೂರು ಯಾರ್ಡಿನ ದರಪಟ್ಟಿ ಪತ್ರಿಕೆಯ ಸುದ್ದಿ ಮಾತ್ರ. ಇನ್ನು ತೋಟವೇ ಇಲ್ಲದ ಮನೆಗಳಿಗೆ, ಕಾಯಿ ಸುಲಿದು ಕೂಲಿ ಪಡೆಯುವ ಹೆಂಗಸರಿಗೆ, ಬೆಲೆ ಏರಿದರೆ ಮೊದಲು ದುಬಾರಿಯಾಗುವುದು ಸಾರಿನ ಕಾಯಿ.

ಎರಡನೆಯ ಕೊಂಡಿ: ಆದಾಯ ಬಂದರೆ ಜನ ಊರಲ್ಲಿ ಉಳಿಯುತ್ತಾರೆ. ನಂಬಿಕೆಯ ದೊಡ್ಡ ಗೊಂದಲ ಇಲ್ಲಿದೆ ಎಂದು ನನಗೆ ಕಾಣುತ್ತದೆ. ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ ಕಾಲದಲ್ಲಿ ಹೊಲ ಮನುಷ್ಯನನ್ನು ಬಿಡುತ್ತಿರಲಿಲ್ಲ; ಉಳುಮೆ, ಬಿತ್ತನೆ, ಕಳೆ, ಕೊಯ್ಲು, ಕಣ, ಒಂದಾದ ಮೇಲೊಂದು ಕೆಲಸ. ತೆಂಗು ಹಾಗಲ್ಲ. ಸಸಿ ಹಿಡಿದು, ಬೋರ್‌ವೆಲ್ಲಿನಿಂದ ಡ್ರಿಪ್ ಎಳೆದು, ಮರ ಫಸಲಿಗೆ ಬಂದ ಮೇಲೆ ಮಾಲೀಕ ದಿನವೂ ತೋಟದಲ್ಲಿ ಇರಬೇಕೆಂದಿಲ್ಲ. ಬಿ.ಎಚ್. ರಸ್ತೆಯಲ್ಲಿ ಬೆಂಗಳೂರಿನಿಂದ ತಿಪಟೂರಿಗೆ ಸುಮಾರು 140 ಕಿಲೋಮೀಟರ್; ಶನಿವಾರ ಬಂದು, ಕಾಯಿ ಕೆಡವಿಸಿ, ಅಟ್ಟಕ್ಕೆ ಹಾಕಿಸಿ, ಭಾನುವಾರ ರಾತ್ರಿ ಹಿಂತಿರುಗುವವರು ಯಾವ ಊರಲ್ಲಿಲ್ಲ? ತೆಂಗು ಊರು ಬಿಡಲು ಅನುಕೂಲ ಮಾಡಿಕೊಡುವ ಬೆಳೆ. ಅದರ ಬೆಲೆ ಏರಿದರೆ ತೋಟ ಮಾರದೆಯೇ ಊರ ಹೊರಗೆ ಇರುವುದು ಇನ್ನಷ್ಟು ಸುಲಭವಾಗುತ್ತದೆ. ಪಕ್ಕದಲ್ಲಿ ಹಾಲನ್ನು ಇಟ್ಟು ನೋಡಿ. ಹಸು ರಜೆ ಕೊಡುವುದಿಲ್ಲ. ದಿನಕ್ಕೆ ಎರಡು ಹೊತ್ತು ಕರೆಯಲು ಆಳು ಬೇಕು, ಹಾಲು ಊರಿನ ಡೇರಿಗೇ ಹೋಗುತ್ತದೆ, ದುಡ್ಡು ವರ್ಷಕ್ಕೊಮ್ಮೆ ಬರದೆ ಬಟವಾಡೆಯಾಗಿ ಆಗಾಗ ಬರುತ್ತದೆ. ತುಮಕೂರು ಹಾಲು ಒಕ್ಕೂಟವಾದ ತುಮುಲ್‌ಗೆ ಸೇರಿದ ಹಾಲು ಉತ್ಪಾದಕರ ಸಂಘಗಳು ಹಾಲು ಕೊಳ್ಳುವುದರ ಜೊತೆಗೆ ಪಶು ಆಹಾರ, ಕೃತಕ ಗರ್ಭಧಾರಣೆ, ರಾಸುಗಳ ಚಿಕಿತ್ಸೆಯ ಏರ್ಪಾಡನ್ನೂ ಊರಿಗೇ ತಂದವು. ಆದಾಯ ಮತ್ತು ಸೇವೆ ಒಂದೇ ಕಟ್ಟಿನಲ್ಲಿ ಬಂದ ಕಾರಣ ಡೇರಿ ಇನ್ನೂ ಊರಲ್ಲಿದೆ. ತಿಪಟೂರು ತಾಲ್ಲೂಕಿನ ಕೋಡಿಹಳ್ಳಿಯಲ್ಲಿ 2010ರಲ್ಲಿ ಶುರುವಾದ ಅಕ್ಷಯಕಲ್ಪದ ಸಾವಯವ ಹಾಲಿನ ಉದ್ಯಮವೂ ಇದನ್ನೇ ಬೇರೆ ರೀತಿ ಹೇಳುತ್ತದೆ. ಅದು ಎಲ್ಲ ರೈತರಿಗೂ ಒಗ್ಗುವ ಮಾದರಿ ಅಲ್ಲದಿರಬಹುದು, ಆದರೆ ಅಲ್ಲಿಯೂ ಖರೀದಿಯ ಹಿಂದೆ ತರಬೇತಿ ಮತ್ತು ಪಶುವೈದ್ಯ ಸೇವೆ ಇದೆ. ಹಾಲಿನ ಲೀಟರ್ ದರ ರೈತನಿಗೆ ತೃಪ್ತಿ ತಂದಿದೆ ಎಂದು ನಾನು ಹೇಳುತ್ತಿಲ್ಲ. ಜನರನ್ನು ಊರಲ್ಲಿ ಹಿಡಿದಿಡುವ ವಿಷಯದಲ್ಲಿ ದರಕ್ಕಿಂತ ಕೆಲಸದ ಸ್ವರೂಪ ಹೆಚ್ಚು ಮುಖ್ಯ ಎನ್ನುತ್ತಿದ್ದೇನೆ.

ಮೂರನೆಯ ಕೊಂಡಿ: ಊರಲ್ಲಿ ದುಡ್ಡಿದ್ದರೆ ಸೌಲಭ್ಯ ಹಿಂಬಾಲಿಸುತ್ತದೆ. ಯಾವ ದಾರಿಯಲ್ಲಿ? 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯ್ತಿ ತೆರಿಗೆ ಹಾಕುವುದು ಕಟ್ಟಡಗಳ ಮೇಲೆ, ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ಮೇಲೆ. ತೋಟದ ಆದಾಯಕ್ಕೂ ಪಂಚಾಯ್ತಿಯ ಪೆಟ್ಟಿಗೆಗೂ ಸಂಬಂಧವೇ ಇಲ್ಲ. ಕೊಬ್ಬರಿ 8 ಸಾವಿರವಿರಲಿ, 25 ಸಾವಿರವಿರಲಿ, ಪಂಚಾಯ್ತಿಗೆ ಬರುವ ತೆರಿಗೆ ಅಷ್ಟೇ. ಮಾರಾಟದ ಮೇಲಿನ ಶುಲ್ಕ ತಿಪಟೂರಿನ ಮಾರುಕಟ್ಟೆ ಸಮಿತಿಗೆ ಸಲ್ಲುತ್ತದೆ, ಕಾಯಿ ಬೆಳೆದ ಹೊನ್ನವಳ್ಳಿಗೋ ಹಂದನಕೆರೆಗೋ ಮಾಯಸಂದ್ರಕ್ಕೋ ಅಲ್ಲ. 15ನೇ ಹಣಕಾಸು ಆಯೋಗದ ಅನುದಾನ ಬಂತು, ಅದರಲ್ಲೂ ಶೇಕಡ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಸೌಲಭ್ಯಗಳು ಜನಸಂಖ್ಯೆಯ ಸೂತ್ರದ ಮೇಲೆ ನಿಂತಿವೆ: ಬಯಲು ಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5 ಸಾವಿರಕ್ಕೆ ಒಂದು ಉಪಕೇಂದ್ರ, ಕಿರಿಯ ಪ್ರಾಥಮಿಕ ತರಗತಿಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ. ತಲೆ ಎಣಿಸುವ ಸೂತ್ರಕ್ಕೆ ತಲೆಗಳ ಜೇಬಿನಲ್ಲಿ ಏನಿದೆ ಎಂಬುದು ಬೇಕಾಗಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಕೈಗೆ ಬಂದ ಕೊಬ್ಬರಿ ದುಡ್ಡು ಎಲ್ಲಿಗೆ ಹೋಗುತ್ತದೆ? ಕಾನ್ವೆಂಟ್ ಫೀಸಿಗೆ, ಊರಿನ ಸರ್ಕಾರಿ ಶಾಲೆಯ ಮುಂದೆಯೇ ಹಾದುಹೋಗುವ ಹಳದಿ ವ್ಯಾನಿಗೆ, ತುಮಕೂರು ಬೆಂಗಳೂರಿನ ಆಸ್ಪತ್ರೆಗಳಿಗೆ, ಇನ್ನೊಂದು ಬೋರ್‌ವೆಲ್ ಕೊರೆಸಲಿಕ್ಕೆ, ಪಟ್ಟಣದಲ್ಲೊಂದು ಸೈಟಿಗೆ. ಊರಲ್ಲಿ ಸೌಲಭ್ಯ ಇಲ್ಲದಿರುವಾಗ ಆದಾಯ ಹೆಚ್ಚಾದರೆ ಜನ ಮೊದಲು ಕೊಳ್ಳುವುದು ಊರ ಹೊರಗಿನ ಸೌಲಭ್ಯವನ್ನೇ. ಇದನ್ನು ಸ್ವಾರ್ಥ ಎನ್ನಲಾಗದು. ಅವರ ಜಾಗದಲ್ಲಿ ಯಾರಿದ್ದರೂ ಮಾಡುವುದು ಅದನ್ನೇ. ಆದರೆ ಪರಿಣಾಮ ನೋಡಿ: ಸರ್ಕಾರಿ ಶಾಲೆಯಿಂದ ಮೊದಲು ಹೊರಬೀಳುವುದು ಉಳ್ಳವರ ಮಕ್ಕಳು, ಶಾಲೆ ಕೆಟ್ಟರೆ ಬಿಇಒ ಕಚೇರಿಗೆ ಹೋಗಿ ಜಗಳವಾಡಬಲ್ಲವರ ಮಕ್ಕಳು. ಅವರು ಹೋದ ಮೇಲೆ ಉಳಿದವರ ದನಿ ತಾಲ್ಲೂಕು ಕೇಂದ್ರದವರೆಗೆ ಕೇಳುವುದಿಲ್ಲ. ಹೀಗೆ ಒಳ್ಳೆ ಬೆಲೆಯ ವರ್ಷವೇ ಊರಿನ ಶಾಲೆಗೆ ಕೆಟ್ಟ ವರ್ಷವಾಗಲು ಸಾಧ್ಯ. ಸಮೃದ್ಧಿ ಮೊದಲು, ಸೌಲಭ್ಯ ಆಮೇಲೆ ಎಂಬ ಅನುಕ್ರಮವೇ ತಲೆಕೆಳಗು. ಸೌಲಭ್ಯ ಇರುವ ಕಡೆ ಮಾತ್ರ ಬಂದ ಹಣ ನಿಲ್ಲುತ್ತದೆ.

ಇಲ್ಲಿ ಒಂದು ತಪ್ಪು ಲೆಕ್ಕವನ್ನೂ ಸರಿಪಡಿಸಬೇಕು. ಶಾಲೆಗಳು ಖಾಲಿಯಾದದ್ದಕ್ಕೆ ವಲಸೆಯೊಂದನ್ನೇ ದೂರುವುದು ರೂಢಿ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಅಂದರೆ ಒಬ್ಬರೂ ಊರು ಬಿಡದಿದ್ದರೂ ಒಂದನೇ ತರಗತಿಗೆ ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಆದ್ದರಿಂದ ಊರಿಗೊಂದು ಶಾಲೆ ಎಂದಿನಂತೆ ಇರಲೇಬೇಕು ಎಂಬ ಬೇಡಿಕೆ ಎಷ್ಟೇ ಹೃದಯದಿಂದ ಬಂದರೂ ಕೊನೆಗೆ ಸೋಲುವಂಥದ್ದು. ಏಳು ಮಕ್ಕಳ ಶಾಲೆಯಲ್ಲಿ ಐದು ತರಗತಿಗೂ ಒಬ್ಬರೇ ಮೇಷ್ಟರು ಇರುವುದು ಆ ಮಕ್ಕಳಿಗೂ ನ್ಯಾಯವಲ್ಲ. ಈಗ ಊರಲ್ಲಿ ಹೆಚ್ಚಾಗಿ ಉಳಿದಿರುವವರು ವಯಸ್ಸಾದವರು. ಅವರಿಗೆ ಬೇಕಾದ್ದು ತಿಂಗಳ ಬಿಪಿ, ಶುಗರ್ ಮಾತ್ರೆ, ಪಿಂಚಣಿ ಕೈಗೆ ಸಿಗುವ ಜಾಗ, ಕತ್ತಲಾಗುವ ಮುಂಚೆ ಮನೆ ಸೇರಿಸುವ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ಇಲ್ಲವಾಯಿತು, ಸರಿ. ಬಸ್ಸೇ ಬಾರದ ಊರಿಗೆ ಟಿಕೆಟ್ ಇದ್ದರೇನು, ಇಲ್ಲದಿದ್ದರೇನು.

ಈಗ ಆಕ್ಷೇಪಗಳಿಗೆ ಬರೋಣ. ಹಾಗಾದರೆ ಬೆಂಬಲ ಬೆಲೆ ಬೇಡವೇ? ಬೇಕು. ಬೆಲೆ ಪಾತಾಳಕ್ಕೆ ಬಿದ್ದ ವರ್ಷ ತೋಟ ಮಾರದಂತೆ, ಬಡ್ಡಿ ಸಾಲಕ್ಕೆ ಬೀಳದಂತೆ ತಡೆಯುವ ತಳಪಾಯ ಅದು. ಆದರೆ ಅದು ಮರ ಉಳ್ಳವರ ಆದಾಯದ ನೀತಿ. ಅದನ್ನೇ ಊರಿನ ನೀತಿ ಎಂದು ಕರೆದಾಗ ಎರಡಕ್ಕೂ ನಷ್ಟ: ಬೆಲೆ ಏರಿದ ವರ್ಷ ಹೋರಾಟ ತಣ್ಣಗಾಗುತ್ತದೆ, ಊರಿನ ಸೌಲಭ್ಯದ ಮಾತೂ ಅದರ ಜೊತೆಗೇ ಮಲಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕಚ್ಚಾ ಮಾಲು ಮಾರುವುದನ್ನು ಬಿಟ್ಟು ಮೌಲ್ಯವರ್ಧನೆ ಮಾಡಿ, ಹಳ್ಳಿ ಸ್ವಾವಲಂಬಿಯಾಗುತ್ತದೆ. ಈ ಮಾತು ಹೇಳುವವರು ಮರೆಯುವುದೇನೆಂದರೆ ಉಂಡೆ ಕೊಬ್ಬರಿಯೇ ಒಂದು ಮೌಲ್ಯವರ್ಧನೆ, ಅದೂ ಅಟ್ಟವೊಂದನ್ನು ಬಿಟ್ಟರೆ ಬೇರೆ ಯಂತ್ರ ಬೇಡದ, ಮನೆಯಲ್ಲೇ ನಡೆಯುವ ಮೌಲ್ಯವರ್ಧನೆ. ಕಾಯಿಯನ್ನು ತುರಿದು ಒಣಗಿಸಿ ಡಿಸಿ ಪೌಡರ್ ಮಾಡುವ ಕಾರ್ಖಾನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಮಟ್ಟೆಯಿಂದ ನಾರು ತೆಗೆಯುವ ಘಟಕಗಳಿವೆ. ಚಿಪ್ಪು ಇದ್ದಿಲಾಗಿ ಸಕ್ರಿಯ ಇಂಗಾಲದ ಕಾರ್ಖಾನೆಗೆ ಹೋಗುತ್ತದೆ. ಇವು ಕೂಲಿ ಕೊಟ್ಟಿವೆ, ಅದು ಸಣ್ಣ ಮಾತಲ್ಲ. ಆದರೆ ಲಾಭ ಬಂಡವಾಳ ಹಾಕಿದವರಿಗೆ, ಘಟಕ ನಿಲ್ಲುವುದು ಹೆದ್ದಾರಿಯ ಅಂಚಿನಲ್ಲಿ. ಒಳಗಿನ ಊರಿಗೆ ಅದರಿಂದ ಬಸ್ಸು ಬರಲಿಲ್ಲ. ತೆಂಗಿನ ಹೊಂಬಾಳೆಯಿಂದ ಇಳಿಸುವ ನೀರಾಗೆ 2016ರಲ್ಲಿ ನಿಯಮ ಮಾಡಿ ಅವಕಾಶ ಕೊಟ್ಟಾಗ ಬಹಳ ಆಸೆ ಹುಟ್ಟಿತ್ತು. ಆದರೆ ನೀರಾ ಇಳಿಸಲು ದಿನವೂ ಮರ ಹತ್ತಬೇಕು, ಇಳಿಸಿದ್ದು ತಂಪಿನಲ್ಲಿಡದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ವರ್ಷಕ್ಕೆ ನಾಲ್ಕು ಸಲ ಕಾಯಿ ಕೆಡವಲೇ ಆಳು ಸಿಗದ ಊರಲ್ಲಿ ದಿನಕ್ಕೆರಡು ಸಲ ಮರ ಹತ್ತುವವರನ್ನು ಎಲ್ಲಿಂದ ತರುವುದು? ಇನ್ನು ಎಲ್ಲವನ್ನೂ ತಾನೇ ಬೆಳೆದು ತಾನೇ ಉಣ್ಣುವ ಹಳ್ಳಿಯ ಚಿತ್ರ ಈ ಸೀಮೆಗೆ ಒಪ್ಪುವುದೇ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೈಲು ಬಂದಾಗಿನಿಂದ ಇಲ್ಲಿಯ ಕೊಬ್ಬರಿ ಹೊರನಾಡಿನ ಪೇಟೆಗೆ ಹತ್ತಿರವಾಯಿತು. ಉತ್ತರ ಭಾರತದ ಹಬ್ಬ, ಮದುವೆಗಳಲ್ಲಿ ಒಣಹಣ್ಣಿನ ಜೊತೆ ಅದಕ್ಕೆ ಜಾಗ. ಸ್ವಾವಲಂಬನೆಗೆ ಇಲ್ಲಿ ಅರ್ಥ ಇರುವುದಾದರೆ ಅದು ಎರಡು ಶಕ್ತಿ: ಬೆಲೆ ಒಗ್ಗದಾಗ ಮಾರುವುದಿಲ್ಲ ಎನ್ನುವ ಶಕ್ತಿ, ಮತ್ತು ದಿನದ ಅಗತ್ಯಕ್ಕೆ ತಾಲ್ಲೂಕು ಕೇಂದ್ರಕ್ಕೆ ಅಲೆಯದೆ ಬದುಕುವ ಶಕ್ತಿ.

ಈ ಎರಡನ್ನು ಗುರಿಯಾಗಿಟ್ಟರೆ ಮಾಡಬೇಕಾದ್ದರ ಪಟ್ಟಿ ಬದಲಾಗುತ್ತದೆ.

1. ತೋಟಕ್ಕೇ ಸೇವೆ ಬೇಕು. ಕಪ್ಪುತಲೆ ಹುಳು ಬೇಲಿ ನೋಡುವುದಿಲ್ಲ. ಬೆಂಗಳೂರಿನಲ್ಲಿರುವ ಮಾಲೀಕ ಗಮನಿಸದ ತೋಟದಿಂದ ಅದು ಪಕ್ಕದವನ ಗರಿಗೆ ಬರುತ್ತದೆ. ಈ ಹುಳುವನ್ನು ಹತ್ತಿಕ್ಕಲು ಪ್ರಯೋಗಾಲಯದಲ್ಲಿ ಬೆಳೆಸಿದ ಗೋನಿಯೋಜಸ್ ಪರೋಪಜೀವಿಯನ್ನು ಒಂದು ತೋಟದಲ್ಲಿ ಬಿಟ್ಟು ಸುತ್ತಲಿನ ತೋಟಗಳನ್ನು ಕಡೆಗಣಿಸಿದರೆ ಪ್ರಯೋಜನ ಅಷ್ಟಕ್ಕಷ್ಟೇ; ಇಡೀ ಊರಿನ ತೋಟಗಳಿಗೆ ಒಟ್ಟಿಗೆ ಬಿಡಬೇಕು. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಹುಡುಗರಿಗೆ ಯಂತ್ರದಲ್ಲಿ ಮರ ಹತ್ತುವ ತರಬೇತಿ ಕೊಟ್ಟಿತು. ತರಬೇತಿ ಒಳ್ಳೆಯದೇ, ಆದರೆ ವರ್ಷವಿಡೀ ಕೆಲಸದ ಭರವಸೆ ಇಲ್ಲದ ಕುಶಲಿಗ ಎಷ್ಟು ದಿನ ಊರಲ್ಲಿರುತ್ತಾನೆ? ಕಾಯಿ ಕೆಡವುವುದು, ಸುಲಿಯುವುದು, ರೋಗ ನೋಡುವುದು, ಅಣಬೆ ರೋಗ ಹಿಡಿದ ಮರಕ್ಕೆ ಔಷಧಿ ಕೊಡುವುದು, ಇಷ್ಟನ್ನೂ ಮಾಡುವ ಒಂದು ತಂಡವನ್ನು ಕೃಷಿ ಪತ್ತಿನ ಸಹಕಾರ ಸಂಘ ಸಂಬಳ ಕೊಟ್ಟು ಇಟ್ಟುಕೊಂಡು, ಮರಕ್ಕಿಷ್ಟು ಎಂದು ಮಾಲೀಕರಿಂದ ವಸೂಲಿ ಮಾಡಲಿ. ಊರಲ್ಲಿಲ್ಲದ ಮಾಲೀಕನೇ ಇದಕ್ಕೆ ಮೊದಲ ಗಿರಾಕಿ. ಅವನ ಹಣ ಊರಲ್ಲಿ ಇರುವವರ ಸಂಬಳವಾಗಿ ತಿರುಗುವ ದಾರಿ ಇದೊಂದು. ಇಳುವರಿ ಮರಳಿದರೆ ಬೆಲೆ ಸಾಧಾರಣವಾಗಿದ್ದರೂ ಲೆಕ್ಕ ಕೂಡುತ್ತದೆ.

2. ಕಾಯಲು ಸಾಲ ಬೇಕು. ಉಗ್ರಾಣದ ರಸೀದಿ ಇಟ್ಟು ಸಾಲ ಪಡೆಯಲು 2007ರ ಕಾಯ್ದೆ ಇದೆ, ಮಾರುಕಟ್ಟೆ ಸಮಿತಿಗಳ ಅಡಮಾನ ಸಾಲವೂ ಇದೆ. ಆದರೆ ಇವು ಉಗ್ರಾಣಕ್ಕೆ ಬಂದ ಮಾಲಿಗೆ. ನಮ್ಮ ಮಾಲು ಇರುವುದು ಮನೆಯ ಅಟ್ಟದಲ್ಲಿ, ಮಟ್ಟೆಯೊಳಗೆ. ಒಡೆಯುವ ತನಕ ಅದು ಒಳ್ಳೆ ಉಂಡೆಯೋ ಕೆಟ್ಟುಹೋದ ಕೌಟೋ ಯಾರಿಗೂ ಗೊತ್ತಿಲ್ಲ. ಬ್ಯಾಂಕು ಹಿಂಜರಿಯುವುದು ಸಹಜ. ಊರವರ ಅಟ್ಟ ಬಲ್ಲ ಸಹಕಾರ ಸಂಘಕ್ಕೆ ಆ ಅಳುಕು ಇರಬೇಕಿಲ್ಲ. ಕಾಯಿ ಎಣಿಸಿ, ಕೌಟಿಗೆಂದು ಒಂದು ಪಾಲು ಕಳೆದು, ಉಳಿದದ್ದರ ಮೇಲೆ ಅರ್ಧದಷ್ಟು ಸಾಲ ಕೊಟ್ಟರೂ ಹಸಿ ಕಾಯಿಯನ್ನು ಲಾರಿಗೆ ತುಂಬುವ ತುರ್ತು ಕಡಿಮೆಯಾಗುತ್ತದೆ.

3. ಸೌಲಭ್ಯದ ಘಟಕ ಹೋಬಳಿಯಾಗಲಿ. ಪ್ರತಿ ಊರಿಗೂ ಎಲ್ಲವೂ ಎಂಬುದು ಆಗದ ಮಾತು, ಎಲ್ಲವೂ ತಿಪಟೂರಲ್ಲಿ ಎಂಬುದು ಈಗಿನ ಪಾಡು. ನೊಣವಿನಕೆರೆ, ಕಿಬ್ಬನಹಳ್ಳಿ, ದಂಡಿನಶಿವರ, ದಬ್ಬೇಘಟ್ಟ, ಹುಳಿಯಾರು, ಶೆಟ್ಟಿಕೆರೆ, ಕಂದಿಕೆರೆಗಳಂಥ ಹೋಬಳಿ ಕೇಂದ್ರದಲ್ಲಿ ಒಂದನೇ ತರಗತಿಯಿಂದ ಪಿಯುಸಿವರೆಗೆ ಒಂದೇ ಆವರಣದ ಒಳ್ಳೆಯ ಕರ್ನಾಟಕ ಪಬ್ಲಿಕ್ ಶಾಲೆ, ರಾತ್ರಿಯೂ ದಾದಿ ಇರುವ ಆರೋಗ್ಯ ಕೇಂದ್ರ, ಔಷಧಿ ಅಂಗಡಿ, ಪಶು ಆಸ್ಪತ್ರೆ. ಸುತ್ತಲಿನ ಊರುಗಳನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಳಸಿ ಬರುವ ಬಸ್ಸು. ಇದರಲ್ಲಿ ಬಸ್ಸು ಅತಿ ಮುಖ್ಯ. ಬಸ್ಸಿಲ್ಲದೆ ಶಾಲೆ ವಿಲೀನ ಮಾಡಿದರೆ ಮೊದಲು ಶಾಲೆ ಬಿಡುವವರು ಹೆಣ್ಣುಮಕ್ಕಳು.

ಹೋಬಳಿಗೆ ಎಲ್ಲ ತಂದರೆ ಸಣ್ಣ ಊರು ಇನ್ನಷ್ಟು ಬೇಗ ಬರಿದಾಗುವುದಿಲ್ಲವೇ ಎಂದು ಕೇಳಬಹುದು. ಕೆಲವು ಆಗಬಹುದು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆರು ಕಿಲೋಮೀಟರ್ ದೂರದಲ್ಲಿ ಶಾಲೆ, ಆಸ್ಪತ್ರೆ ಇದ್ದರೆ ತೋಟದ ಮನೆಯಲ್ಲೇ ಇರಬಹುದು ಎಂದು ಯೋಚಿಸುವ ಕುಟುಂಬ, 140 ಕಿಲೋಮೀಟರ್ ದೂರದಲ್ಲಿದ್ದರೆ ಹಾಗೆ ಯೋಚಿಸುವುದಿಲ್ಲ.

ಉಳಿದದ್ದು ಹಣದ ಪ್ರಶ್ನೆ. ನನ್ನ ಸಲಹೆ ಇಷ್ಟು: ಕೊಬ್ಬರಿಯ ಮೇಲೆ ಮಾರುಕಟ್ಟೆ ಸಮಿತಿ ಪಡೆಯುವ ಶುಲ್ಕದ ಒಂದು ಪಾಲು ಕಾಯಿ ಬೆಳೆದ ಪಂಚಾಯ್ತಿಗಳಿಗೆ ಹೋಗಲಿ. ಹಾಗಾದಾಗ ಬೆಲೆ ಏರಿದ ವರ್ಷ ಊರಿನ ಪೆಟ್ಟಿಗೆಯೂ ಸ್ವಲ್ಪ ತುಂಬುತ್ತದೆ, ಮೂರನೆಯ ಕೊಂಡಿಗೆ ಮೊದಲ ಬಾರಿ ಒಂದು ಆಧಾರ ಸಿಗುತ್ತದೆ. ಶುಲ್ಕವನ್ನೇ ನೆಚ್ಚುವುದು ಅಪಾಯ ಎಂಬುದನ್ನು ಒಪ್ಪುತ್ತೇನೆ. 2020ರಲ್ಲಿ ಎಪಿಎಂಸಿ ಕಾಯ್ದೆ ತಿದ್ದುಪಡಿಯಾಗಿ ಯಾರ್ಡಿನ ಹೊರಗಿನ ವ್ಯಾಪಾರಕ್ಕೆ ಬಿಡುಗಡೆ ಸಿಕ್ಕಾಗ ಸಮಿತಿಗಳ ಆದಾಯವೇ ಕುಸಿದಿತ್ತು. ಬೆಲೆ ಬಿದ್ದ ವರ್ಷ ಪಾಲೂ ಬೀಳುತ್ತದೆ, ಆದ್ದರಿಂದ ಒಳ್ಳೆಯ ವರ್ಷದ್ದನ್ನು ಕೂಡಿಡುವ ನಿಯಮ ಜೊತೆಗೇ ಬೇಕು. ಪಾಲು ಹಂಚುವುದು ಹೇಗೆ ಎಂಬುದು ಇನ್ನೊಂದು ತೊಡಕು. ಯಾರ್ಡಿನ ಗೇಟಿನಲ್ಲಿ ಬರೆಯುವ ಹೆಸರನ್ನು ನಂಬುವಂತಿಲ್ಲ; ಹಳ್ಳಿಯಲ್ಲೇ ಕೊಂಡು ತನ್ನ ಹೆಸರಲ್ಲಿ ತರುವ ವ್ಯಾಪಾರಿಯಿಂದಾಗಿ ಸಣ್ಣವರ ಕೊಬ್ಬರಿಯೆಲ್ಲ ಅವನ ಊರಿನ ಲೆಕ್ಕಕ್ಕೆ ಸೇರುತ್ತದೆ. ಆದರೆ ಬೆಳೆ ಸಮೀಕ್ಷೆಯಿಂದ ಯಾವ ಸರ್ವೆ ನಂಬರಿನಲ್ಲಿ ಎಷ್ಟು ತೆಂಗಿದೆ ಎಂಬ ದಾಖಲೆ ಸರ್ಕಾರದ ಬಳಿಯೇ ಇದೆ. ತೋಟದ ವಿಸ್ತೀರ್ಣದ ಮೇಲೆ ಪಾಲು ಹಾಕಿದರೆ ಮಾಲು ಯಾರ ಹೆಸರಲ್ಲಿ ಯಾರ್ಡಿಗೆ ಬಂತು, ಮಾಲೀಕ ವಾಸ ಇರುವುದು ಎಲ್ಲಿ ಎಂಬ ಪ್ರಶ್ನೆ ಏಳುವುದಿಲ್ಲ. ಮರ ನಿಂತಿರುವ ಪಂಚಾಯ್ತಿಗೆ ಅದರ ಪಾಲು ಸಲ್ಲುತ್ತದೆ.